ಸದ್ದಡಗಿಸಿ ಕೇಳಿದ ಆದಿಯ ಅನಿಲ: ಕನ್ನಡ ನೆಲದಲ್ಲಿ ದೂರದ ಗ್ಯಾಲಕ್ಸಿಗಳ ಶೋಧದ ಚರಿತ್ರೆ

ವಿಶ್ವಕ್ಕೆ ಈಗ ಸುಮಾರು 1,380 ಕೋಟಿ ವರ್ಷ ವಯಸ್ಸೆಂದು ಖಗೋಳ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆ ವಿಶ್ವ ಇನ್ನೂ ಇಪ್ಪತ್ತು ಮೂವತ್ತು ಕೋಟಿ ವರ್ಷಗಳ ಎಳೆತನದಲ್ಲಿದ್ದಾಗಲೇ ಮೊದಲ ನಕ್ಷತ್ರಗಳು ಹೊತ್ತಿಕೊಂಡು ಮೊದಲ ಗ್ಯಾಲಕ್ಸಿಗಳು ರೂಪುಗೊಂಡಿದ್ದವು. ಆ ಗ್ಯಾಲಕ್ಸಿಗಳಲ್ಲಿ ಎಷ್ಟು ಅನಿಲವಿತ್ತು, ಅದರಲ್ಲಿ ಎಷ್ಟು ಪಾಲು ನಕ್ಷತ್ರಗಳಾಯಿತು, ಎಷ್ಟು ಪಾಲು ಹೊರಕ್ಕೆ ತೂರಿಹೋಯಿತು ಎಂಬ ಪ್ರಶ್ನೆಗಳು ಇಂದಿನ ಖಗೋಳ ಅಧ್ಯಯನದ ಮುಂಚೂಣಿಯಲ್ಲಿವೆ. ಇವುಗಳಿಗೆ ಉತ್ತರ ಹುಡುಕುವ ಕೆಲಸದಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಆದರೆ ಆ ಪಾಲನ್ನು ಹೇಳುವಾಗ ಬೆಂಗಳೂರಿನ ಸಂಸ್ಥೆಗಳ ಹೆಸರು ಮುಂದೆ ಬರುತ್ತದೆ. ಉಪಕರಣ ನಿಂತ ನೆಲದ ಹೆಸರು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಜಮಖಂಡಿ, ಗೌರಿಬಿದನೂರು, ದಂಡಿಗಾನಹಳ್ಳಿಯ ಕೆರೆ, ಶರಾವತಿಯ ಹಿನ್ನೀರು ಇವು ಈ ಚರಿತ್ರೆಯ ನಿಜವಾದ ತಾಣಗಳು. ಆ ತಾಣಗಳನ್ನು ಆಯ್ದುದರ ಹಿಂದೆ ಒಂದು ಕಾರಣವಿತ್ತು, ಆ ಆಯ್ಕೆಗೆ ಒಂದು ಬೆಲೆಯೂ ಇತ್ತು. ಪ್ರಸ್ತುತ ಪ್ರಬಂಧ ಅವೆರಡನ್ನೂ ಪರಿಶೀಲಿಸುತ್ತದೆ.

ಈ ಪರಿಶೀಲನೆಗೆ ನೆಲೆಯಾಗಿ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳನ್ನು ಇಟ್ಟುಕೊಂಡಿರುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಆದಿ ಗ್ಯಾಲಕ್ಸಿಗಳನ್ನು ಶೋಧಿಸಿದ ಯಾವ ಉಪಕರಣವೂ ಈ ಸೀಮೆಯಲ್ಲಿ ನಿಂತದ್ದಲ್ಲ. ಆದರೆ ಆ ಶೋಧದ ಮುಖ್ಯ ಸಮಸ್ಯೆ ಯಾವುದೋ ಅದನ್ನು ಈ ಸೀಮೆ ಬಹುಕಾಲದಿಂದ ಒಂದು ಆಚರಣೆಯಾಗಿ ಕಾಪಾಡಿಕೊಂಡು ಬಂದಿದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಡಮರುಗದ ಸದ್ದು, ಏಳುಕೋಟಿಯ ಘೋಷ, ಭಂಡಾರದ ಹಳದಿ, ಬಂಡಿಗಳ ಸಾಲು ಎಲ್ಲವೂ ಕೂಡಿ ಡೆಂಕನಮರಡಿಯ ಬಯಲು ಭೋರ್ಗರೆಯುತ್ತಿರುತ್ತದೆ. ಉಪವಾಸ ವ್ರತದಲ್ಲಿದ್ದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಆ ಇಡೀ ಬಯಲು ಉಸಿರು ಬಿಗಿಹಿಡಿಯುತ್ತದೆ. ಆಮೇಲೆ ಬರುವುದು ಒಂದೇ ಒಂದು ವಾಕ್ಯ. ಕಾರಣಿಕವನ್ನು ಕುರಿತು ಬರೆದವರ ಗಮನ ಸಹಜವಾಗಿಯೇ ಆ ವಾಕ್ಯದ ಮೇಲೆ, ಅದರಿಂದ ಮಳೆಬೆಳೆಗೂ ರಾಜಕಾರಣಕ್ಕೂ ಜನ ತೆಗೆಯುವ ಅರ್ಥಗಳ ಮೇಲೆ ನೆಟ್ಟಿರುತ್ತದೆ. ಅದಕ್ಕೆ ಮುಂಚಿನ ಮೌನಕ್ಕೆ ದೊರೆತ ಗಮನ ಕಡಿಮೆ. ಒಂದು ಸಣ್ಣ ದನಿಯನ್ನು ಕೇಳಬೇಕಾದರೆ ದೊಡ್ಡ ಗದ್ದಲವನ್ನು ಮೊದಲು ಅಡಗಿಸಬೇಕೆಂಬ ತಿಳಿವು ಆ ಮೌನದಲ್ಲಿದೆ. ರೇಡಿಯೋ ಖಗೋಳ ವಿಜ್ಞಾನದ ಅರ್ಧ ಶತಮಾನದ ದುಡಿಮೆಯನ್ನು ಒಂದು ಮಾತಿನಲ್ಲಿ ಹೇಳುವುದಾದರೆ ಅದೂ ಇಷ್ಟೇ.

ಈ ಸೀಮೆಯ ಜನ ಆಕಾಶವನ್ನು ನೋಡಿದ ಬಗೆಯನ್ನೂ ಇಲ್ಲಿ ಸಂಕ್ಷೇಪವಾಗಿ ಗಮನಿಸಬೇಕು. ರೋಹಿಣಿಯಿಂದ ಮೊದಲುಗೊಂಡು ಮೃಗಶಿರ, ಆರಿದ್ರ, ಪುನರ್ವಸು ಎಂದು ಸಾಗುವ ಮಳೆ ನಕ್ಷತ್ರಗಳ ಲೆಕ್ಕ ಬಿತ್ತನೆಯ ಲೆಕ್ಕವೂ ಹೌದು. ಸೂರ್ಯ ಒಂದೊಂದು ನಕ್ಷತ್ರದ ಪಾಲಿನಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ದಿನಗಳಲ್ಲಿ ಬಂದ ಮಳೆಗೆ ಆ ನಕ್ಷತ್ರದ ಹೆಸರು. ಸೂರ್ಯನಿರುವ ನಕ್ಷತ್ರ ಹಗಲಿನಲ್ಲಿ ಕಾಣುವುದಿಲ್ಲವೆಂಬುದನ್ನು ಮರೆಯಬಾರದು. ಅಂದರೆ ಮಳೆ ನಕ್ಷತ್ರವೆಂಬುದು ಕಣ್ಣಿಗೆ ಕಾಣದ ನಕ್ಷತ್ರ. ಕಾಣದುದನ್ನು ಲೆಕ್ಕದಿಂದ ಇದೆಯೆಂದು ಹೇಳುವ ಈ ಕ್ರಮ ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವದಲ್ಲಿ ಇನ್ನೂ ಸ್ಪಷ್ಟವಾಗಿದೆ. ಮಾಘದ ಕೃಷ್ಣಪಕ್ಷದಲ್ಲಿ ಚಂದ್ರ ಮೂಲಾ ನಕ್ಷತ್ರವನ್ನು ಕೂಡುವ ಹೊತ್ತಿಗೆ ತೇರು ಸಾಗಬೇಕು. ಆದರೆ ತೇರೆಳೆಯುವ ಸಂಜೆಯ ಹೊತ್ತಿನಲ್ಲಿ ಮೂಲಾ ನಕ್ಷತ್ರವಾಗಲಿ ಅಂದಿನ ಚಂದ್ರನಾಗಲಿ ಆಕಾಶದಲ್ಲಿ ಇರುವುದಿಲ್ಲ. ಅವು ಮೇಲೇರುವುದು ನಡುರಾತ್ರಿ ಕಳೆದ ಮೇಲೆ. ಬಾಗಳಿ, ಕುರುವತ್ತಿಗಳಂತಹ ಚಾಲುಕ್ಯ ನೆಲೆಗಳಿರುವ ಈ ನಾಡಿನ ದಾನಶಾಸನಗಳಲ್ಲಿ ಸಂಕ್ರಾಂತಿ, ಗ್ರಹಣ, ವ್ಯತೀಪಾತಗಳ ಉಲ್ಲೇಖ ಹೇರಳವಾಗಿರುವುದೂ ಇದೇ ಲೆಕ್ಕದ ಪರಂಪರೆಗೆ ಸೇರಿದ್ದು. ಇಂತಹ ಶಾಸನಗಳನ್ನು ಖಗೋಳದ ದೃಷ್ಟಿಯಿಂದ ಓದುವ ಕೆಲಸವನ್ನು ಬಿ.ಎಸ್. ಶೈಲಜಾ ಅವರು ಗೀತಾ ಕೈದಾಳ ಗಣೇಶ ಅವರೊಡನೆ ಸಮಗ್ರವಾಗಿ ಮಾಡಿದ್ದಾರೆ.

ಮೂಲಾ ನಕ್ಷತ್ರದ ಹೆಸರಿಗೆ ಈ ಪ್ರಬಂಧದ ವಸ್ತುವಿನೊಡನೆ ಇನ್ನೊಂದು ನಂಟಿದೆ. ನಮ್ಮ ಆಕಾಶಗಂಗೆಯ ಕೇಂದ್ರ ಇರುವುದು ಪಂಚಾಂಗದವರು ಮೂಲಾ ಎಂದು ಗುರುತಿಸುವ ಪಾಲಿನಲ್ಲಿಯೇ. ಹೆಸರಿನ ಅರ್ಥಕ್ಕೂ ಈ ಸಂಗತಿಗೂ ಕಾರಣಸಂಬಂಧ ಕಲ್ಪಿಸುವುದು ಸಲ್ಲದು, ಕೇಂದ್ರವೆಂಬ ಕಲ್ಪನೆ ಬಂದದ್ದೇ ಇಪ್ಪತ್ತನೆಯ ಶತಮಾನದಲ್ಲಿ. ಆದರೆ ರೇಡಿಯೋ ಅಲೆಗಳಲ್ಲಿ ಆಕಾಶವನ್ನು ಕೇಳುವವರಿಗೆ ಈ ದಿಕ್ಕು ಅತಿ ದೊಡ್ಡ ಗದ್ದಲದ ದಿಕ್ಕು. ಆ ಗದ್ದಲದ ಮಾತು ಮುಂದೆ ಬರುತ್ತದೆ.

ಆಕಾಶದಲ್ಲಿ ಅನಿಲವಿದೆ ಎಂಬುದು ಕನ್ನಡ ನೆಲದಿಂದ ಸಾಬೀತಾದ ದಿನವನ್ನು ಖಚಿತವಾಗಿ ಹೇಳಬಹುದು. ಅದು 1868ರ ಆಗಸ್ಟ್ 18. ಅಂದಿನ ಪೂರ್ಣ ಸೂರ್ಯಗ್ರಹಣದ ನೆರಳು ದಖ್ಖನಿನ ಮೇಲೆ ಹಾದುಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಮತ್ತು ಬ್ರಿಟಿಷ್ ಸೇನೆಯ ಟೆನಂಟ್, ಬಿಜಾಪುರದಲ್ಲಿ ಹೇಗ್, ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಉಪಕರಣಗಳನ್ನು ಹೂಡಿದ್ದರು. ಈ ಹರ್ಷೆಲ್ ಯುರೇನಸ್ಸನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ಲನ ಮೊಮ್ಮಗ, ಭಾರತದ ತ್ರಿಕೋನಮಿತಿ ಸರ್ವೇಕ್ಷಣೆಯ ಅಧಿಕಾರಿ. ಶ್ರಾವಣದ ಮೋಡಗಳು ಜಮಖಂಡಿಯ ಆಕಾಶವನ್ನು ಬಿಟ್ಟೂ ಬಿಡದೆ ಮುಚ್ಚುತ್ತಿದ್ದವು. ಮೋಡದ ಎಡೆಯಲ್ಲಿ ಸಿಕ್ಕ ಕೆಲವೇ ಕ್ಷಣಗಳಲ್ಲಿ ಹರ್ಷೆಲ್ ಸೂರ್ಯನ ಅಂಚಿನಿಂದ ಚಿಮ್ಮುತ್ತಿದ್ದ ಕೆಂಪು ಚಾಚಿಕೆಯ ಮೇಲೆ ರೋಹಿತದರ್ಶಕವನ್ನು ತಿರುಗಿಸಿದ. ಕಾಮನಬಿಲ್ಲಿನಂತೆ ಹರಡಿದ ಬಣ್ಣಪಟ್ಟಿಯ ಬದಲು ಕೆಂಪು, ಕಿತ್ತಳೆ, ನೀಲಿಯ ಮೂರು ಬಿಡಿ ಗೆರೆಗಳು ಮಾತ್ರ ಕಂಡವು. ಕಾದ ಘನವಸ್ತು ಎಲ್ಲ ಬಣ್ಣವನ್ನೂ ಬೀರುತ್ತದೆ. ವಿರಳ ಅನಿಲ ಮಾತ್ರ ಹೀಗೆ ಬಿಡಿ ಗೆರೆಗಳನ್ನು ಕೊಡುತ್ತದೆ. ಸೂರ್ಯನ ಚಾಚಿಕೆಗಳು ಅನಿಲದ ಚಿಲುಮೆಗಳೆಂಬುದು ಅಂದು ನಿರ್ಣಯವಾಯಿತು. ಆ ಕಿತ್ತಳೆ ಗೆರೆ ಭೂಮಿಯ ಮೇಲೆ ತಿಳಿದಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಅದರ ಒಡೆಯನಾದ ಹೀಲಿಯಂ 1895ರಲ್ಲಿ ರ್‍ಯಾಮ್ಸೆಯ ಪ್ರಯೋಗಶಾಲೆಯಲ್ಲಿ ಸಿಕ್ಕಿತು. 1871ರ ಡಿಸೆಂಬರ್ 12ರ ಗ್ರಹಣಕ್ಕೆ ಲಾಕಿಯರ್ ತಂಡ ಬಂದಿಳಿದದ್ದು ಕಾಸರಗೋಡಿನ ಬೇಕಲಕ್ಕೆ. ಹೀಗೆ ಮೂರು ವರ್ಷಗಳ ಅಂತರದಲ್ಲಿ ಕನ್ನಡ ಸೀಮೆಯ ಎರಡು ಅಂಚುಗಳು ಹೊಸ ವಿಜ್ಞಾನವೊಂದರ ಹುಟ್ಟಿಗೆ ಸಾಕ್ಷಿಯಾದವು.

ಅನಿಲ ಇದೆ ಎಂದು ಹೇಳುವುದು ಒಂದು ಹೆಜ್ಜೆ, ಅದು ಎತ್ತ ಹರಿಯುತ್ತಿದೆ ಎಂದು ಹೇಳುವುದು ಮುಂದಿನ ಹೆಜ್ಜೆ. ನಮ್ಮತ್ತ ಬರುವ ಅನಿಲದ ಗೆರೆ ನೀಲಿಯ ಕಡೆಗೂ ದೂರ ಸರಿಯುವ ಅನಿಲದ ಗೆರೆ ಕೆಂಪಿನ ಕಡೆಗೂ ಸ್ವಲ್ಪ ಜರುಗುತ್ತದೆ. ಈ ಜರುಗುವಿಕೆಯನ್ನು ಅಳೆದೇ 1909ರಲ್ಲಿ ಕೊಡೈಕೆನಾಲಿನ ಎವರ್ಶೆಡ್ ಸೂರ್ಯಕಲೆಗಳಿಂದ ಅನಿಲ ಹೊರಮುಖವಾಗಿ ಹರಿಯುತ್ತಿದೆಯೆಂದು ತೋರಿಸಿದ. ಆ ವೇಧಶಾಲೆ ಇಂದು ಬೆಂಗಳೂರಿನಲ್ಲಿ ಕೇಂದ್ರವಿರುವ ಭಾರತೀಯ ಖಭೌತ ಸಂಸ್ಥೆಗೆ ಸೇರಿದ್ದು. ಅದೇ ಉಪಾಯವನ್ನು ಇಂದು ಸಾವಿರ ಕೋಟಿ ವರ್ಷಗಳಿಗೂ ಹಿಂದಿನ ಗ್ಯಾಲಕ್ಸಿಗಳಿಗೆ ಹಚ್ಚಲಾಗುತ್ತಿದೆ. 2018ರಲ್ಲಿ ಸ್ಪಿಲ್ಕರ್ ಮತ್ತು ಸಂಗಡಿಗರು ಚಿಲಿ ದೇಶದ ಆಲ್ಮಾ ದೂರದರ್ಶಕದಿಂದ, ವಿಶ್ವಕ್ಕೆ ನೂರು ಕೋಟಿ ವರ್ಷವಾಗಿದ್ದ ಕಾಲದ ಗ್ಯಾಲಕ್ಸಿಯೊಂದರಲ್ಲಿ ಸೆಕೆಂಡಿಗೆ ಸುಮಾರು 800 ಕಿಲೋಮೀಟರಿನವರೆಗಿನ ವೇಗದಲ್ಲಿ ಹೊರಬೀಳುತ್ತಿದ್ದ ಅನಿಲವನ್ನು ಪತ್ತೆ ಮಾಡಿದರು. ಗ್ಯಾಲಕ್ಸಿಯ ಮುಂದೆ, ನಮ್ಮ ಕಡೆಗೆ ಬರುತ್ತಿದ್ದ ಆ ಅನಿಲ ಹಿಂದಿನ ಬೆಳಕಿನಲ್ಲಿ ತನ್ನ ಪಾಲನ್ನು ಹೀರಿಕೊಂಡಿತ್ತು. ಹೀರಿದ ಗುರುತು ಇರಬೇಕಾದ ಸ್ಥಾನಕ್ಕಿಂತ ಚಿಕ್ಕ ಅಲೆಯುದ್ದದ ಕಡೆಗೆ ಸರಿದಿತ್ತು.

ಇಂತಹ ಹೊರಹರಿವಿಗೆ ಖಗೋಳಜ್ಞರು ಗಾಳಿ ಎಂಬ ಹೆಸರನ್ನೇ ಬಳಸುತ್ತಾರೆ. ಕನ್ನಡದಲ್ಲಿ ಈಗ ವಿಜ್ಞಾನದ ಪದವಾಗಿರುವ ‘ಅನಿಲ’ಕ್ಕೂ ಮೂಲದಲ್ಲಿ ಗಾಳಿಯೆಂದೇ ಅರ್ಥವಿದ್ದುದರಿಂದ ಪದ ತನ್ನ ತವರಿಗೆ ಮರಳಿದಂತಾಗಿದೆ. ಈ ಗಾಳಿಯ ಕೆಲಸವನ್ನು ತಿಳಿಯಲು ಕೂಡ್ಲಿಗಿ, ಹರಪನಹಳ್ಳಿ ಕಡೆಯ ಜೋಳದ ಕಣಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಹಂತಿ ಕಟ್ಟಿ, ರಾತ್ರಿಯಿಡೀ ಹಂತಿಪದಗಳನ್ನು ಹಾಡುತ್ತ ಎತ್ತುಗಳಿಂದ ತೆನೆ ತುಳಿಸಿದ ಮೇಲೆ ಗಾಳಿ ಬರುವುದನ್ನು ಕಾದು ತೂರುತ್ತಾರೆ. ಕಾಳು ಕಾಲ ಬಳಿ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಗ್ಯಾಲಕ್ಸಿಯಲ್ಲಿ ದೊಡ್ಡ ನಕ್ಷತ್ರಗಳು ಸಿಡಿದಾಗ ಎದ್ದ ಗಾಳಿಯೂ ಹೀಗೆಯೇ ಅನಿಲವನ್ನು ಮೇಲಕ್ಕೆತ್ತಿ ತೂರುತ್ತದೆ. ಗುರುತ್ವ ಬಲವಾಗಿರುವ ದೊಡ್ಡ ಗ್ಯಾಲಕ್ಸಿ ತೂರಿದ್ದರಲ್ಲಿ ಬಹುಪಾಲನ್ನು ಮತ್ತೆ ತನ್ನ ಮೇಲೆಯೇ ಬೀಳಿಸಿಕೊಳ್ಳುತ್ತದೆ; ಸಣ್ಣ ಗ್ಯಾಲಕ್ಸಿ ಅದನ್ನು ಕಳೆದುಕೊಳ್ಳುತ್ತದೆ. ಹೋಲಿಕೆ ಒಂದು ಕಡೆ ಮುರಿಯುತ್ತದೆ ಎಂಬುದನ್ನೂ ಹೇಳಬೇಕು. ಕಣದಲ್ಲಿ ಹಾರಿಹೋಗುವುದು ಹೊಟ್ಟು. ಗ್ಯಾಲಕ್ಸಿಯಿಂದ ಹಾರಿಹೋಗುವ ಅನಿಲದಲ್ಲಿ ನಕ್ಷತ್ರಗಳ ಒಡಲಲ್ಲಿ ಬೆಂದ ಇಂಗಾಲ, ಆಮ್ಲಜನಕಗಳೂ ಇರುತ್ತವೆ. ಗ್ಯಾಲಕ್ಸಿಗಳ ನಡುವಣ ಬಯಲಿನಲ್ಲಿ ಈ ಧಾತುಗಳು ಹೇಗೆ ಬಂದವು ಎಂಬುದಕ್ಕೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಿಮನ್ ನಾಥ್ ಅವರು ನೀಲ್ ಟ್ರೆಂಥಮ್ ಅವರೊಡನೆ 1997ರಲ್ಲಿಯೇ ಸಣ್ಣ ಆದಿ ಗ್ಯಾಲಕ್ಸಿಗಳ ಗಾಳಿಯನ್ನು ಆಧಾರವಾಗಿಟ್ಟು ವಿವರಣೆ ನೀಡಿದ್ದರು. ಅದೇ ವಿದ್ವಾಂಸರು ಮುಂದೆ 1868ರ ಗ್ರಹಣ ಮತ್ತು ಹೀಲಿಯಮ್ಮಿನ ಕಥೆಯನ್ನು ಗ್ರಂಥವಾಗಿ ಬರೆದರು. ಜಮಖಂಡಿಯ ಮೂರು ಗೆರೆಗಳಿಂದ ಆದಿ ಗ್ಯಾಲಕ್ಸಿಗಳ ಗಾಳಿಯವರೆಗಿನ ದಾರಿ ಒಬ್ಬರೇ ಲೇಖಕರ ಕೈಯಲ್ಲಿ ಕೂಡಿಬಂದಿರುವುದು ಗಮನಾರ್ಹ.

ನಕ್ಷತ್ರವಾಗದೆ ಉಳಿದ ತಣ್ಣನೆಯ ಜಲಜನಕ ಕಣ್ಣಿಗೆ ಕಾಣುವ ಬೆಳಕನ್ನು ಬೀರುವುದಿಲ್ಲ. ಅದು ಬೀರುವುದು 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆ. 1944ರಲ್ಲಿ ಡಚ್ ವಿಜ್ಞಾನಿ ವಾನ್ ಡ ಹುಲ್ಸ್ಟ್ ಊಹಿಸಿದ್ದ ಈ ಅಲೆಯನ್ನು 1951ರಲ್ಲಿ ಅಮೆರಿಕದ ಯೂವೆನ್ ಮತ್ತು ಪರ್ಸೆಲ್ ಹಿಡಿದರು. ಕರ್ನಾಟಕದಲ್ಲಿ ಈ ಬಗೆಯ ಆಲಿಕೆಗೆ ತಳಹದಿ ಬಿದ್ದದ್ದು ಸರ್ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಸ್ಥೆಗೆ 1972ರಲ್ಲಿ ಅವರ ಮಗ ವಿ. ರಾಧಾಕೃಷ್ಣನ್ ನಿರ್ದೇಶಕರಾಗಿ ಬಂದ ಮೇಲೆ. ರಾಮನ್ ಸಂಸ್ಥೆ ಮತ್ತು ಖಭೌತ ಸಂಸ್ಥೆಗಳು ಕೂಡಿ 1976ರಲ್ಲಿ ಗೌರಿಬಿದನೂರಿನ ಬಳಿ ಒಂದು ಸಾವಿರ ಆಂಟೆನಾಗಳನ್ನು ‘ಟಿ’ ಅಕ್ಷರದ ಆಕಾರದಲ್ಲಿ ನೆಟ್ಟವು. ಅದರ ಪೂರ್ವ ಪಶ್ಚಿಮದ ತೋಳು 1.4 ಕಿಲೋಮೀಟರ್ ಉದ್ದ. ದೂರದರ್ಶಕವೆಂದರೆ ಗುಮ್ಮಟ, ಗಾಜು ಎಂದು ತಿಳಿದವರಿಗೆ ಅದು ತಂತಿಬೇಲಿ ಹಾಕಿದ ತೋಟದಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಈ ಬಯಲಿನಿಂದ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 34.5 ಮೆಗಾಹರ್ಟ್ಸ್ ಆವರ್ತನದಲ್ಲಿ ಆಕಾಶದ ನಕ್ಷೆ ತಯಾರಿಸಿ 1990ರಲ್ಲಿ ಪ್ರಕಟಿಸಿದರು. ಆ ನಕ್ಷೆಯಲ್ಲಿ ಕಾಣುವುದು ದೂರದ ಗ್ಯಾಲಕ್ಸಿಗಳ ಅನಿಲವಲ್ಲ. ಪ್ರಧಾನವಾಗಿ ನಮ್ಮ ಆಕಾಶಗಂಗೆಯದೇ ಭೋರ್ಗರೆತ. ಹಾಗಿದ್ದರೂ ಈ ಚರಿತ್ರೆಯಲ್ಲಿ ಅದಕ್ಕೆ ಸ್ಥಾನವಿದೆ. ಯಾವ ಗದ್ದಲವನ್ನು ಕಳೆಯಬೇಕೋ ಆ ಗದ್ದಲದ ರೂಪ ಮೊದಲು ಗೊತ್ತಿರಬೇಕು.

ವಿಶ್ವ ಹಿಗ್ಗುತ್ತಿರುವುದರಿಂದ ದೂರದಿಂದ ಹೊರಟ ಅಲೆ ದಾರಿಯಲ್ಲಿ ತಾನೂ ಹಿಗ್ಗುತ್ತದೆ. ವಿಶ್ವಕ್ಕೆ ಮೂವತ್ತು ಕೋಟಿ ವರ್ಷವಾಗಿದ್ದಾಗ ಜಲಜನಕದಿಂದ ಹೊರಟ 21 ಸೆಂಟಿಮೀಟರಿನ ಅಲೆ ನಮ್ಮನ್ನು ತಲುಪುವಷ್ಟರಲ್ಲಿ ಸುಮಾರು ಮೂರು ಮೀಟರ್ ಉದ್ದವಾಗಿರುತ್ತದೆ, ಎಂದರೆ ಆವರ್ತನ 100 ಮೆಗಾಹರ್ಟ್ಸಿನ ಆಸುಪಾಸು. ಬೆಳೆ ಸಮಾಚಾರಕ್ಕೂ ಚಿತ್ರಗೀತೆಗೂ ಹೊಸಪೇಟೆಯ ಆಕಾಶವಾಣಿಯನ್ನು ಹಾಕಿಕೊಳ್ಳುವ ಹಗರಿಬೊಮ್ಮನಹಳ್ಳಿಯ ಶ್ರೋತೃವಿಗೆ ಇದು ಪರಿಚಿತ ಸ್ಥಾನವೇ. ಎಫ್‌ಎಂ ಕೇಂದ್ರಗಳು ಬಿತ್ತರಿಸುವುದು 88ರಿಂದ 108 ಮೆಗಾಹರ್ಟ್ಸಿನ ನಡುವೆ. 2021ರ ಡಿಸೆಂಬರಿನಲ್ಲಿ ಉಡಾವಣೆಯಾದ ಜೇಮ್ಸ್ ವೆಬ್ ದೂರದರ್ಶಕ ಕಂಡ ಅತಿ ದೂರದ ಗ್ಯಾಲಕ್ಸಿಗಳಲ್ಲೊಂದರಲ್ಲಿ, ವಿಶ್ವ ಮೂವತ್ತು ಕೋಟಿ ವರ್ಷಕ್ಕೂ ಎಳೆಯದಾಗಿದ್ದ ಕಾಲದ ಆ ಗ್ಯಾಲಕ್ಸಿಯಲ್ಲಿ, ಆಲ್ಮಾ 2025ರಲ್ಲಿ ಆಮ್ಲಜನಕದ ಗೆರೆಯನ್ನು ಗುರುತಿಸಿತು. ಅದೇ ಕಾಲದ ಜಲಜನಕದ ಅಲೆ ಇಂದು ಭೂಮಿಗೆ ಬರುವುದು ಸುಮಾರು 94 ಮೆಗಾಹರ್ಟ್ಸಿನಲ್ಲಿ, ಎಫ್‌ಎಂ ಪಟ್ಟಿಯ ನಟ್ಟನಡುವೆ. ಆದಿಕಾಲದ ಅನಿಲ ಮತ್ತು ಚಿತ್ರಗೀತೆ ಒಂದೇ ಬಾಗಿಲಿನಲ್ಲಿ ಒಳಬರುತ್ತವೆ.

ಇಷ್ಟು ದೂರದ ಒಂದೊಂದೇ ಗ್ಯಾಲಕ್ಸಿಯ ಜಲಜನಕವನ್ನು ಹಿಡಿಯುವುದು ಇಂದಿಗೂ ಸಾಧ್ಯವಾಗಿಲ್ಲ. ಸಾಧ್ಯವಾದಷ್ಟು ದೂರ ಹೋದವರಲ್ಲಿ ಪುಣೆ ಬಳಿಯ ಖೋಡದ್‌ನಲ್ಲಿರುವ ದೈತ್ಯ ಮೀಟರ್ ಅಲೆ ದೂರದರ್ಶಕವನ್ನು ಬಳಸಿದವರು ಮುಂದಿದ್ದಾರೆ. 2020ರಲ್ಲಿ ಆದಿತ್ಯ ಚೌಧುರಿ, ನಿಸ್ಸೀಮ್ ಕಾನೇಕರ್, ಜಯರಾಮ್ ಚೆಂಗಲೂರ್ ಮೊದಲಾದವರು 7,653 ಗ್ಯಾಲಕ್ಸಿಗಳ ಸಂಕೇತಗಳನ್ನು ಒಂದರ ಮೇಲೊಂದು ಕೂಡಿಸಿ ಸುಮಾರು 800 ಕೋಟಿ ವರ್ಷಗಳ ಹಿಂದಿನ ಅನಿಲದ ಸರಾಸರಿ ಪ್ರಮಾಣವನ್ನು ಅಳೆದರು. ನಕ್ಷತ್ರಗಳು ಹುಟ್ಟುತ್ತಿದ್ದ ವೇಗಕ್ಕೆ ಆ ದಾಸ್ತಾನು ನೂರು ಇನ್ನೂರು ಕೋಟಿ ವರ್ಷಗಳಿಗಷ್ಟೇ ಸಾಲುತ್ತಿತ್ತೆಂಬುದು ಅವರ ನಿರ್ಣಯ. 2023ರ ಜನವರಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಮತ್ತು ಕೆನಡಾದಲ್ಲಿದ್ದ ಅರ್ಣಬ್ ಚಕ್ರವರ್ತಿ ಅದೇ ದೂರದರ್ಶಕದಿಂದ 880 ಕೋಟಿ ವರ್ಷಗಳ ಹಿಂದೆ ಹೊರಟ ಒಂದೇ ಗ್ಯಾಲಕ್ಸಿಯ ಜಲಜನಕದ ಅಲೆಯನ್ನು ಹಿಡಿದುದಾಗಿ ಪ್ರಕಟಿಸಿದರು. ನಡುವೆ ಇದ್ದ ಇನ್ನೊಂದು ಗ್ಯಾಲಕ್ಸಿ ತನ್ನ ಗುರುತ್ವದಿಂದ ಮಸೂರದಂತೆ ವರ್ತಿಸಿ ಆ ಸಂಕೇತವನ್ನು ಸುಮಾರು ಮೂವತ್ತು ಪಟ್ಟು ಹಿಗ್ಗಿಸಿತ್ತು; 21 ಸೆಂಟಿಮೀಟರಿನ ಅಲೆ 48 ಸೆಂಟಿಮೀಟರಾಗಿ ಬಂದಿತ್ತು. ಅದಕ್ಕೂ ಆಚೆಗಿನ ಮೊದಲ ಗ್ಯಾಲಕ್ಸಿಗಳ ಕಾಲಕ್ಕೆ ಹೋಗಬೇಕಾದರೆ ಬಿಡಿ ಗ್ಯಾಲಕ್ಸಿಯ ಆಸೆ ಬಿಟ್ಟು ಇಡೀ ಆಕಾಶದ ಒಟ್ಟು ದನಿಯನ್ನು ಒಂದೇ ಆಂಟೆನಾದಿಂದ ಕೇಳಬೇಕು. ಮೊದಲ ನಕ್ಷತ್ರಗಳ ಬೆಳಕು ಬಿದ್ದಾಗ ತಣ್ಣನೆಯ ಜಲಜನಕ ಹಿನ್ನೆಲೆಯ ವಿಕಿರಣದಲ್ಲಿ ಒಂದಿಷ್ಟನ್ನು ಹೀರಿಕೊಳ್ಳುತ್ತದೆ. ಆ ಕುಳಿಯ ಆಳ ಹೆಚ್ಚೆಂದರೆ ಒಂದು ಡಿಗ್ರಿಯ ಸಣ್ಣ ಭಾಗ. ಅದರ ಮೇಲೆ ಕವಿದಿರುವ ಆಕಾಶಗಂಗೆಯ ಗದ್ದಲ ಸಾವಿರಾರು ಡಿಗ್ರಿ. ಆಕಾಶಗಂಗೆಯ ಕೇಂದ್ರ, ಅಂದರೆ ಮೂಲಾ ನಕ್ಷತ್ರದ ಪಾಲು, ನೆತ್ತಿಯ ಹತ್ತಿರ ಬಂದಾಗಲಂತೂ ಗದ್ದಲ ಪರಮಾವಧಿಗೇರುತ್ತದೆ.

2018ರ ಫೆಬ್ರವರಿಯಲ್ಲಿ ಅಮೆರಿಕದ ಬೌಮನ್ ಮತ್ತು ಸಂಗಡಿಗರು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ ಎಡ್ಜಸ್ ಎಂಬ ಉಪಕರಣ 78 ಮೆಗಾಹರ್ಟ್ಸಿನಲ್ಲಿ ಇಂತಹ ಕುಳಿಯನ್ನು ಕಂಡಿದೆಯೆಂದು ಪ್ರಕಟಿಸಿದಾಗ ಖಗೋಳ ಲೋಕ ಬೆರಗಾಯಿತು. ಕುಳಿಯ ಆಳ ಅರ್ಧ ಡಿಗ್ರಿ, ನಿರೀಕ್ಷೆಯ ಎರಡು ಪಟ್ಟಿಗೂ ಹೆಚ್ಚು. ಅದನ್ನು ವಿವರಿಸಲು ಹೊಸ ಭೌತವಿಜ್ಞಾನವೇ ಬೇಕೆಂದು ಹಲವರು ಬರೆದರು. ಬೆಂಗಳೂರಿನ ರಾಮನ್ ಸಂಸ್ಥೆಯಲ್ಲಿ ರವಿ ಸುಬ್ರಹ್ಮಣ್ಯನ್ ನೇತೃತ್ವದ ತಂಡ ಅದಕ್ಕೂ ಮೊದಲೇ ಸರಸ್ ಎಂಬ ಉಪಕರಣವನ್ನು ಕಟ್ಟುತ್ತಿತ್ತು. ಅದರ ಎರಡನೆಯ ಆವೃತ್ತಿ ಬಳ್ಳಾರಿ ಸೀಮೆಗೆ ಅಂಟಿಕೊಂಡ ಅನಂತಪುರ ಜಿಲ್ಲೆಯ ಟಿಂಬಕ್ಟು ಎಂಬ ಗ್ರಾಮೀಣ ಸಮುದಾಯದ ನೆಲದಲ್ಲಿ ನಿಂತಿತ್ತು. ಮೂರನೆಯದಕ್ಕೆ ನೆಲವನ್ನೇ ಬಿಡಲಾಯಿತು. ಕಾರಣ ಸರಳವಾದದ್ದು. ಆಂಟೆನಾದ ಕೆಳಗಿನ ಮಣ್ಣು ಪದರ ಪದರವಾಗಿ, ಎಲ್ಲೋ ತೇವ ಎಲ್ಲೋ ಕಲ್ಲಾಗಿ ಇರುವುದರಿಂದ ಅದರಿಂದ ಮರಳುವ ಅಲೆಗಳು ಸುಳ್ಳು ಕುಳಿಗಳನ್ನು ಹುಟ್ಟಿಸಬಹುದು. ನೀರು ಎಲ್ಲೆಡೆ ಒಂದೇ ಸಮ. ಆದ್ದರಿಂದ 2020ರ ಆರಂಭದ ತಿಂಗಳುಗಳಲ್ಲಿ, ಶಂಕುವಿನಾಕಾರದ ಆಂಟೆನಾವನ್ನು ತೆಪ್ಪದ ಮೇಲೇರಿಸಿ, ಬೆಂಗಳೂರಿನ ಉತ್ತರಕ್ಕಿರುವ ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಡಲಾಯಿತು. ಸೌರಭ್ ಸಿಂಗ್ ಮೊದಲ ಲೇಖಕರಾಗಿ 2022ರ ಫೆಬ್ರವರಿ 28ರಂದು ಹೊರಬಂದ ಫಲಿತಾಂಶ, ಆಸ್ಟ್ರೇಲಿಯಾದ ಕುಳಿ ಆಕಾಶದ್ದಲ್ಲವೆಂದು ಶೇಕಡಾ 95.3ರ ವಿಶ್ವಾಸದಿಂದ ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂಬ್ರಿಜ್‌ನವರೊಡನೆ ಕೂಡಿ ಮಾಡಿದ ವಿಶ್ಲೇಷಣೆ, ಕುಳಿ ಕಾಣದಿರುವುದನ್ನೇ ಸಾಕ್ಷಿಯಾಗಿ ಬಳಸಿಕೊಂಡು, ವಿಶ್ವಕ್ಕೆ ಇಪ್ಪತ್ತು ಕೋಟಿ ವರ್ಷವಾಗಿದ್ದಾಗಿನ ಗ್ಯಾಲಕ್ಸಿಗಳ ಮಿತಿಗಳನ್ನು ನಿಗದಿ ಮಾಡಿತು: ತಮ್ಮ ಅನಿಲದಲ್ಲಿ ಶೇಕಡಾ ಮೂರಕ್ಕಿಂತ ಹೆಚ್ಚನ್ನು ಅವು ನಕ್ಷತ್ರಗಳಾಗಿ ಮಾರ್ಪಡಿಸಿರಲಾರವು, ಇಂದಿನ ಗ್ಯಾಲಕ್ಸಿಗಳಿಗಿಂತ ಸಾವಿರ ಪಟ್ಟು ಪ್ರಖರವಾಗಿ ರೇಡಿಯೋ ಅಲೆ ಬೀರುತ್ತಿದ್ದವೆಂಬ ಊಹೆಗೂ ಎಡೆಯಿಲ್ಲ. ಮೊದಲ ಗ್ಯಾಲಕ್ಸಿಗಳ ಬಗ್ಗೆ ಕನ್ನಡ ನೆಲದ, ಸರಿಯಾಗಿ ಹೇಳುವುದಾದರೆ ಕನ್ನಡ ನೀರಿನ, ಸಾಕ್ಷ್ಯ ಇದು.

ಇಲ್ಲಿ ಮೈಲಾರದ ಹೋಲಿಕೆಯ ಮಿತಿಯನ್ನು ಸ್ಪಷ್ಟಪಡಿಸುವುದು ಅವಶ್ಯ. ಜನಪದ ಆಚರಣೆಗಳಲ್ಲಿ ಆಧುನಿಕ ವಿಜ್ಞಾನ ಮೊದಲೇ ಅಡಗಿತ್ತೆಂದು ಸಾಧಿಸುವ ಬರಹಗಳು ಕನ್ನಡದಲ್ಲಿ ಬೇಕಾದಷ್ಟು ಬಂದಿವೆ. ಅವು ಆಚರಣೆಗೂ ನ್ಯಾಯ ಒದಗಿಸಿಲ್ಲ, ವಿಜ್ಞಾನಕ್ಕೂ ಒದಗಿಸಿಲ್ಲ. ಎರಡೂ ಕಡೆ ಮೌನವಿದೆ, ಎರಡೂ ಕಡೆ ಗದ್ದಲದ ನಂತರ ಒಂದು ಸಣ್ಣ ಸಂಕೇತವಿದೆ. ಆದರೆ ಗೊರವಯ್ಯನ ವಾಕ್ಯ ಬಂದ ಮೇಲೆ ಜನರ ಮಾತು ಶುರುವಾಗುತ್ತದೆ. ಮಳೆಯಾದರೆ ಹೀಗೆ, ಆಗದಿದ್ದರೆ ಹಾಗೆ ಎಂದು ಒಂದೇ ವಾಕ್ಯ ಹಲವು ಅರ್ಥಗಳಿಗೆ ಮೈಯೊಡ್ಡುತ್ತದೆ. ಅದರ ಬಾಳಿಕೆ ಇರುವುದು ಆ ಒಗ್ಗುವಿಕೆಯಲ್ಲಿಯೇ. ಅದನ್ನು ಸುಳ್ಳೆಂದು ತೋರಿಸಲು ಇನ್ನೊಂದು ಊರಿನಲ್ಲಿ ಇನ್ನೊಂದು ಬಿಲ್ಲನ್ನು ಯಾರೂ ನೆಡುವುದಿಲ್ಲ. ಎಡ್ಜಸ್ಸಿನ ಕುಳಿಗೆ ಆದದ್ದು ಅದೇ: ಇನ್ನೊಂದು ನೀರಿನಲ್ಲಿ ಇನ್ನೊಂದು ಕಿವಿ ಇಟ್ಟು ಕೇಳಲಾಯಿತು, ಕೇಳಲಿಲ್ಲವೆಂದು ಬರೆಯಲಾಯಿತು. ಆ ‘ಕೇಳಲಿಲ್ಲ’ ಎಂಬುದೇ ಒಂದು ಜ್ಞಾನವಾಗಿ ಗ್ಯಾಲಕ್ಸಿಗಳ ಅನಿಲಕ್ಕೆ ಮಿತಿ ಹಾಕಿತು. ಕಾರಣಿಕದ ಬಯಲಿನಲ್ಲಿ ಮೌನ ವಾಕ್ಯಕ್ಕೆ ಪೀಠಿಕೆ. ದಂಡಿಗಾನಹಳ್ಳಿಯಲ್ಲಿ ಕೊನೆಗೆ ದೊರೆತ ಫಲಿತಾಂಶವೂ ಒಂದು ಬಗೆಯ ಮೌನವೇ.

ಇನ್ನು ಆ ತಾಣಗಳಿಗೆ ತೆತ್ತ ಬೆಲೆಯ ಮಾತು. ಶರಾವತಿಯ ಹಿನ್ನೀರು ರೇಡಿಯೋ ಗದ್ದಲದಿಂದ ದೂರವಿದ್ದದ್ದು ಪ್ರಕೃತಿಯ ಕೊಡುಗೆಯಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಹಳ್ಳಿಗಳು ಮುಳುಗಿದವು, ಜನ ಚದುರಿದರು, ಉಳಿದವರ ದಾರಿಗಳು ಕಡಿದುಹೋದವು. ನಾಡಿಗೆಲ್ಲ ಬೆಳಕು ಕೊಟ್ಟ ನೀರಿನ ದಡದ ಜನ ರಸ್ತೆಗೆ, ಲಾಂಚಿಗೆ, ಮೊಬೈಲ್ ಸಂಪರ್ಕಕ್ಕೆ ದಶಕಗಳ ಕಾಲ ಅಹವಾಲು ಹೇಳುತ್ತ ಬಂದರು. ಸಿಗಂದೂರಿನ ಕಡೆಗೆ ಅಂಬಾರಗೋಡ್ಲು ಕಳಸವಳ್ಳಿ ನಡುವಣ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಖಗೋಳಜ್ಞನಿಗೆ ವರವಾದ ಮೌನ ಆ ದಡದವರಿಗೆ ಕೊರತೆಯಾಗಿತ್ತು. ಇದಕ್ಕೆ ಖಗೋಳಜ್ಞರನ್ನು ದೂರುವುದು ಅವಿವೇಕ. ಅವರು ಇದ್ದ ಮೌನವನ್ನು ಬಳಸಿಕೊಂಡರು, ಸೃಷ್ಟಿಸಲಿಲ್ಲ. ಆದರೆ ವೈಜ್ಞಾನಿಕ ಲೇಖನದಲ್ಲಿ ‘ರೇಡಿಯೋ ಮೌನವಿರುವ ಸ್ಥಳ’ ಎಂಬ ನುಡಿಗಟ್ಟು ಬಂದಾಗ ಅದರ ಹಿಂದೆ ಮುಳುಗಡೆಯ ಚರಿತ್ರೆಯಿದೆ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿ ಬರೆದಿಡಬೇಕು.

ಐದು ತಾಲ್ಲೂಕುಗಳಿಗೂ ಈ ಅನುಭವ ಹೊರತಲ್ಲ. 1953ರ ತುಂಗಭದ್ರಾ ಜಲಾಶಯದಲ್ಲಿ ನಾರಾಯಣದೇವರಕೆರೆ ಮೊದಲಾದ ಊರುಗಳು ಮುಳುಗಿದವು. ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಗಳು ಎತ್ತರಕ್ಕೆ ಸರಿದವು. ಹಳೆಯ ಊರಿನ ಅಗಸೆ, ಹನುಮಪ್ಪನ ಗುಡಿ, ಕಣಗಳ ನೆನಪನ್ನು ಸಂಗ್ರಹಿಸುವ ಕೆಲಸ ಇನ್ನೂ ಪೂರ್ಣವಾಗಿ ಆಗಿಲ್ಲ. ಅದರೊಡನೆಯೇ ಇನ್ನೊಂದು ದಾಖಲೆ ಆಗಬೇಕಾಗಿದೆ. ಕುರಿಹಟ್ಟಿಯಲ್ಲಿ ರಾತ್ರಿ ಕಾವಲಿರುತ್ತಿದ್ದ ಕುರುಬರು, ಬೆಳ್ಳಿಚುಕ್ಕಿ ಮೂಡುವುದನ್ನು ನೋಡಿ ಹೂಡುತ್ತಿದ್ದ ರೈತರು, ಹಂತಿ ಹಾಡುತ್ತಿದ್ದವರು ಚುಕ್ಕಿಗಳಿಗೆ ಇಟ್ಟ ಹೆಸರುಗಳನ್ನು ಊರೂರಿಗೆ ಹೋಗಿ ಕೇಳಿ ಬರೆದುಕೊಳ್ಳಬೇಕು. ಒಕ್ಕಣೆ ಯಂತ್ರ ಬಂದ ಮೇಲೆ ಹಂತಿಯ ರಾತ್ರಿಗಳು ನಿಂತವು. ಹರಪನಹಳ್ಳಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಮಿನುಗುತ್ತಿವೆ. ಮೊಬೈಲ್ ಗೋಪುರ ಬೇಡವೆಂದು ಈ ಸೀಮೆಯವರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ, ಶರಾವತಿಯವರಿಗೆ ಹೇಳುವ ಹಕ್ಕಂತೂ ಮೊದಲೇ ಇಲ್ಲ. ಹಾಗಾದರೆ ಆದಿಯ ಅನಿಲವನ್ನು ಎಲ್ಲಿಂದ ಕೇಳಬೇಕೆಂಬ ಪ್ರಶ್ನೆ ಉಳಿಯುತ್ತದೆ.

ರಾಮನ್ ಸಂಸ್ಥೆಯವರು ಅದಕ್ಕೊಂದು ಉತ್ತರವನ್ನು ಸಿದ್ಧಪಡಿಸುತ್ತಿದ್ದಾರೆ. ಪ್ರತುಷ್ ಎಂದು ಹೆಸರಿಟ್ಟಿರುವ ಅವರ ಪ್ರಸ್ತಾವದಲ್ಲಿ ಆಂಟೆನಾ ಇರುವುದು ನೆಲದ ಮೇಲೂ ಅಲ್ಲ, ನೀರಿನ ಮೇಲೂ ಅಲ್ಲ; ಚಂದ್ರನನ್ನು ಸುತ್ತುವ ಕಕ್ಷೆಯಲ್ಲಿ. ಪ್ರತಿ ಸುತ್ತಿನಲ್ಲಿಯೂ ಅದು ಚಂದ್ರನ ಬೆನ್ನ ಹಿಂದೆ ಹೋದಾಗ ಚಂದ್ರನ ಒಡಲೇ ಭೂಮಿಯ ಸದ್ದಿಗೆ ಗೋಡೆಯಾಗುತ್ತದೆ. ಹೊಸಪೇಟೆಯ ಆಕಾಶವಾಣಿ, ಡೆಂಕನಮರಡಿಯ ಸುತ್ತ ಜಾತ್ರೆಗೆ ಬಂದವರ ಲಕ್ಷಾಂತರ ಮೊಬೈಲುಗಳು, ಶರಾವತಿ ದಡದ ಹೊಸ ಗೋಪುರಗಳು ಯಾವುವೂ ಅಲ್ಲಿಗೆ ಮುಟ್ಟವು. ಆಕಾಶಗಂಗೆಯ ಗದ್ದಲ ಮಾತ್ರ ಅಲ್ಲಿಯೂ ಇರುತ್ತದೆ. ಅದನ್ನು ಕಳೆಯುವ ಲೆಕ್ಕವನ್ನು ಗೌರಿಬಿದನೂರಿನ ಬಯಲಿನಲ್ಲಿ ಕಲಿತಂತೆಯೇ ಕುಳಿತು ಮಾಡಬೇಕಾಗುತ್ತದೆ.